ನೂರಕ್ಕೆ ನೂರು ರಿಸಲ್ಟ್ ಬಂತು, ಆ ಒಂದು ಕುರಿ ಎಲ್ಲಿ ಹೋಯಿತು?

ಕರ್ನಾಟಕದಲ್ಲಿ ಕ್ರೈಸ್ತ ಶಾಲೆಗಳನ್ನು ನಡೆಸುತ್ತಿರುವ ಬಿಷಪರಿಗೆ, ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭಾಪಾಲಕರಿಗೆ ಮತ್ತು ಆಡಳಿತ ಮಂಡಳಿಗಳ ಹಿರಿಯರಿಗೆ,

ವಂದನೆಗಳು.

ನಾನು ಚಿತ್ರಕಲಾ ಶಿಕ್ಷಕಿ. ಮಕ್ಕಳ ಬಾಯಲ್ಲಿ ಡ್ರಾಯಿಂಗ್ ಮಿಸ್. ನಿವೃತ್ತಿ ಆಗುವವರೆಗೂ ದುಡಿದದ್ದು ಕ್ರೈಸ್ತ ಸಭೆಯ ಶಾಲೆಗಳಲ್ಲೇ. ಭಾನುವಾರ ಸಂಡೇ ಸ್ಕೂಲ್ ಕೂಡ ನಡೆಸಿದ್ದೇನೆ. ಮನೆಯವಳಾಗಿ ಬರೆಯುತ್ತಿದ್ದೇನೆ, ಮಾತು ಸ್ವಲ್ಪ ಖಾರ ಆದರೆ ಸಹಿಸಿಕೊಳ್ಳಿ.

ಇನ್ನೇನು ಅಡ್ಮಿಷನ್ ಕಾಲ. ಅದಕ್ಕೂ ಮೊದಲು ನಿಮ್ಮ ಮೀಟಿಂಗ್ ನಡೆಯುತ್ತದೆ. ಫೀಸು, ಬಸ್ಸು, ಯೂನಿಫಾರ್ಮ್, ಹೊಸ ಬ್ಲಾಕು ಎಲ್ಲ ಚರ್ಚೆಗೆ ಬರುತ್ತದೆ. ಈ ಸಲ ಅಜೆಂಡಾಕ್ಕೆ ಇನ್ನೊಂದು ವಿಷಯ ಸೇರಿಸಿ ಅಂತ ಕೇಳುವುದಕ್ಕೆ ಈ ಪತ್ರ.

ವಿಷಯ ಇಷ್ಟೇ. ನಮ್ಮ ಶಾಲೆಗಳಲ್ಲಿ ಪ್ರಾರ್ಥನೆ ಇದೆ, ಕಲೆ ಇದೆ, ಕಲಿಯಲು ಕಷ್ಟಪಡುವ ಮಕ್ಕಳೂ ಇದ್ದಾರೆ. ಆದರೆ ಮೂರಕ್ಕೂ ಬೇರೆ ಬೇರೆ ಕೋಣೆ ಮಾಡಿಟ್ಟಿದ್ದೇವೆ. ಪ್ರಾರ್ಥನೆ ಬೆಳಗಿನ ಅಸೆಂಬ್ಲಿಯಲ್ಲಿ ಮುಗಿದುಹೋಗುತ್ತದೆ. ಕಲೆ ಸ್ಕೂಲ್ ಡೇ ದಿನ ಸ್ಟೇಜ್ ಹತ್ತುತ್ತದೆ. ಕಷ್ಟಪಡುವ ಮಗು ಕೊನೇ ಬೆಂಚಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಅಷ್ಟರಲ್ಲಿ ಟಿ.ಸಿ. ತಗೊಂಡು ಹೋಗಿರುತ್ತದೆ. ಈ ಮೂರೂ ಒಂದೇ ಕೋಣೆಗೆ ಬರಬೇಕು. ಬಂದರೆ ಹೇಗಿರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಟಿ.ಸಿ. ಮಾತು. ಇದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ, ಆದರೆ ನಮ್ಮ ಸ್ಟಾಫ್ ರೂಮುಗಳಲ್ಲಿ ಎಲ್ಲರಿಗೂ ಗೊತ್ತು. ಎಂಟನೇ ಕ್ಲಾಸಿನ ತನಕ ಯಾರೂ ಏನೂ ಹೇಳುವುದಿಲ್ಲ. ಒಂಬತ್ತಕ್ಕೆ ಬಂದ ಮೇಲೆ ಪೋಷಕರನ್ನು ಕರೆಸುತ್ತಾರೆ. ಕುರ್ಚಿ ಹಾಕುತ್ತಾರೆ, ನೀರು ಕೊಡುತ್ತಾರೆ. "ನಿಮ್ಮ ಮಗನಿಗೆ ನಮ್ಮ ಸ್ಟ್ಯಾಂಡರ್ಡ್ ಸ್ವಲ್ಪ ಭಾರ ಆಗ್ತಿದೆ. ಬೇರೆ ಕಡೆ ಹಾಕಿದ್ರೆ ಅವನಿಗೇ ಒಳ್ಳೇದು" ಅನ್ನುತ್ತಾರೆ. ಜೋರು ಮಾತಿಲ್ಲ, ಬೈಗುಳ ಇಲ್ಲ. ಅಪ್ಪ ತಲೆ ಆಡಿಸಿ ಎದ್ದು ಹೋಗುತ್ತಾನೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಗೇಟಿನ ಮೇಲೆ ಫ್ಲೆಕ್ಸ್ ಏರುತ್ತದೆ. ನೂರಕ್ಕೆ ನೂರು. ಮೇಲ್ಗಡೆ ಮೂಲೆಯಲ್ಲಿ ಯೇಸುಸ್ವಾಮಿ ಕುರಿಮರಿ ಹೆಗಲ ಮೇಲೆ ಹೊತ್ತುಕೊಂಡು ನಿಂತ ಚಿತ್ರ. ಅಂಥ ಫ್ಲೆಕ್ಸಿಗೆ ಡಿಸೈನ್ ಹೇಳಿಕೊಟ್ಟವಳು ನಾನೇ, ಅದು ಡ್ರಾಯಿಂಗ್ ಮಿಸ್ ಕೆಲಸ ತಾನೇ.

ಲೂಕನ ಸುವಾರ್ತೆ 15ನೇ ಅಧ್ಯಾಯದ ಲೆಕ್ಕ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಕುರುಬನಿಗೂ ನೂರಕ್ಕೆ ನೂರು ಬೇಕಿತ್ತು. ಅದಕ್ಕೇ ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ. ನಾವು ಆ ಒಂದನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿ, ಉಳಿದ ತೊಂಬತ್ತೊಂಬತ್ತನ್ನೇ ನೂರು ಪರ್ಸೆಂಟ್ ಅನ್ನುತ್ತೇವೆ. ಗಣಿತದ ಪ್ರಕಾರ ಎರಡೂ ಸರಿ.

ಎಲ್ಲ ಶಾಲೆಯೂ ಹೀಗೆ ಅಂತ ಹೇಳುತ್ತಿಲ್ಲ. ನಮ್ಮಲ್ಲಿ ಒಳ್ಳೆಯ ಉದಾಹರಣೆ ಬೇಕಾದಷ್ಟಿದೆ. ಮಂಗಳೂರಿನ ಬೆಂದೂರಿನಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1970ರಲ್ಲೇ ಸಂತ ಆಗ್ನೆಸ್ ವಿಶೇಷ ಶಾಲೆ ಶುರು ಮಾಡಿದರು. ಆಗ ಇಂಥ ಮಕ್ಕಳನ್ನು ಮನೆಯವರೇ ಹೊರಗೆ ಕರೆದುಕೊಂಡು ಬರುತ್ತಿರಲಿಲ್ಲ. ಆ ಸಿಸ್ಟರ್‌ಗಳ ಶ್ರಮಕ್ಕೆ ಕೈ ಮುಗಿಯುತ್ತೇನೆ. ನನ್ನ ಪ್ರಶ್ನೆ ಸಾಮಾನ್ಯ ಶಾಲೆಗಳ ಬಗ್ಗೆ. ವಿಶೇಷ ಶಾಲೆಗೆ ಹೋಗಬೇಕಾದಷ್ಟು ತೊಂದರೆ ಇಲ್ಲದ, ಆದರೆ ನಮ್ಮ ಬೋರ್ಡು, ಚಾಕ್‌ಪೀಸು, ನೋಟ್ಸು, ಟೆಸ್ಟಿನ ಓಟಕ್ಕೆ ಕಾಲು ಹಾಕಲಾಗದ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ಓದಲು ಅಕ್ಷರ ಹಿಡಿಯದವರು, ಒಂದು ಕಡೆ ಕೂರಲಾಗದವರು, ಕಿವಿ ಅರ್ಧ ಕೇಳುವವರು, ಮನೆಯಲ್ಲಿ ಒಂದು ಭಾಷೆ ಶಾಲೆಯಲ್ಲಿ ಇನ್ನೊಂದು ಭಾಷೆ ಆಗಿ ಬಾಯೇ ಬಿಡದವರು. ಇವರ ಗತಿ ಏನು?

ಈಗ ನನ್ನ ವಿಷಯಕ್ಕೆ, ಅಂದರೆ ಡ್ರಾಯಿಂಗ್ ಪೀರಿಯಡ್ಡಿಗೆ ಬರೋಣ. ಟೈಮ್ ಟೇಬಲಿನಲ್ಲಿ ವಾರಕ್ಕೆ ಒಂದೋ ಎರಡೋ ಇರುತ್ತದೆ. ಜನವರಿ ಬಂತೆಂದರೆ ಗಣಿತದವರು ಬಂದು "ಮಿಸ್, ಪೋರ್ಷನ್ ಆಗಿಲ್ಲ, ಇವತ್ತೊಂದಿನ ಕೊಡ್ತೀರಾ" ಅನ್ನುತ್ತಾರೆ. ಆ ಒಂದು ದಿನ ಮಾರ್ಚ್ ತನಕ ಎಳೆಯುತ್ತದೆ. ಹಾಗಂತ ಡ್ರಾಯಿಂಗ್ ಮಿಸ್ ಸುಮ್ನೆ ಕೂರುವುದಿಲ್ಲ. ಬಿಷಪರು ಬಂದರೆ ಸ್ವಾಗತದ ಅಕ್ಷರ ಥರ್ಮಕೋಲಿನಲ್ಲಿ ಕೊರೆಯಬೇಕು. ಇನ್ಸ್‌ಪೆಕ್ಷನ್ ಬಂದರೆ ಎಲ್ಲ ಕ್ಲಾಸಿನ ಚಾರ್ಟು ಬರೆಯಬೇಕು. ಅನುದಾನಿತ ಶಾಲೆಯಲ್ಲಿ ಡ್ರಾಯಿಂಗ್, ಸಂಗೀತದ ಮೇಷ್ಟರು ರಿಟೈರ್ ಆದರೆ ಆ ಜಾಗ ತುಂಬುವುದು ಎಷ್ಟು ಕಷ್ಟ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಊಟದೆಲೆಯ ತುದಿಯ ಉಪ್ಪಿನಕಾಯಿ ಥರ ಆಗಿದೆ ಕಲೆ. ಇದ್ದರೆ ಚೆಂದ, ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ.

ಸ್ಕೂಲ್ ಡೇ ಕಥೆ ಇನ್ನೂ ಬೇರೆ. ಡ್ಯಾನ್ಸಿಗೆ ಹೈಟ್ ನೋಡಿ, ಬಣ್ಣ ನೋಡಿ, ಸ್ಟೆಪ್ಪು ಬೇಗ ಹಿಡಿಯುವವರನ್ನು ಆರಿಸುತ್ತೇವೆ. ತಪ್ಪುವವರನ್ನು ಹಿಂದಿನ ಸಾಲಿಗೆ, ಆಮೇಲೆ ಸ್ಟೇಜಿನಿಂದ ಕೆಳಕ್ಕೆ. ಪ್ರತಿಭಾ ಕಾರಂಜಿಗೂ ಗೆಲ್ಲುವವರನ್ನೇ ಕಳಿಸುತ್ತೇವೆ. ಮಾರ್ಕ್ಸಿನಲ್ಲಿ ಹಿಂದೆ ಬಿದ್ದ ಮಗುವಿಗೆ ಉಳಿದಿದ್ದ ಒಂದು ಬಾಗಿಲು ಅದು. ಅಲ್ಲೂ ಒಂದು ಎಂಟ್ರೆನ್ಸ್ ಪರೀಕ್ಷೆ ಇಟ್ಟುಬಿಟ್ಟಿದ್ದೇವೆ.

ನಮ್ಮ ಹಿರಿಯರು ಹೀಗೆ ಮಾಡಿದವರಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆ ತೆರೆದರು, ಅದರ ಜೊತೆಗೆ ಅಚ್ಚುಕೂಟ, ಮಗ್ಗ, ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಮತಾಂತರ ಅವರ ಉದ್ದೇಶಗಳಲ್ಲಿ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಜಾತಿಯಿಂದ ಹೊರಬಿದ್ದು ಬಂದವರಿಗೆ ಹೊಟ್ಟೆಪಾಡು ಬೇಕಿತ್ತು, ಅದಕ್ಕೇ ಕಾರ್ಖಾನೆ ಬಂತು. ಕಾರಣ ಏನೇ ಇರಲಿ, ಪುಸ್ತಕ ಒಂದು ಕಡೆ ಕೈಕೆಲಸ ಇನ್ನೊಂದು ಕಡೆ ಅನ್ನುವ ಗೋಡೆಯನ್ನು ಅವರು ಕಟ್ಟಲಿಲ್ಲ.

ಕಿಟ್ಟೆಲರನ್ನು ನಾವು ನಿಘಂಟಿನಿಂದ ನೆನಪಿಟ್ಟುಕೊಂಡಿದ್ದೇವೆ, 1894ರ ಆ ದೊಡ್ಡ ನಿಘಂಟು. ಆದರೆ ಅದಕ್ಕೆ ಮೂವತ್ತು ವರ್ಷಕ್ಕೂ ಮೊದಲೇ, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಪದ್ಯ ಮಾಡಿ 'ಕಥಾಮಾಲೆ' ಅಂತ ಪ್ರಕಟಿಸಿದರು. ಆಮೇಲೆ ನಾಗವರ್ಮನ ಛಂದಸ್ಸನ್ನೇ ಸಂಪಾದಿಸಿದರು. ಜರ್ಮನಿಯಿಂದ ಬಂದ ಒಬ್ಬ ಪಾದ್ರಿ ಇಲ್ಲಿಯ ಲಘು ಗುರು ಲೆಕ್ಕ ಕಲಿಯಲು ಕೂತರಲ್ಲ, ಆ ಶ್ರದ್ಧೆ ನೋಡಿ. ಇನ್ನು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಬ್ರದರ್ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಅದರ ಗೋಡೆ, ಛಾವಣಿ ತುಂಬ ಚಿತ್ರ ಬರೆದರು. ಕಾಲೇಜಿನ ಹುಡುಗರು ಪ್ರಾರ್ಥನೆಗೆ ಕೂರುವ ಜಾಗ ಅದು. ಅಲ್ಲಿ ಕತ್ತೆತ್ತಿದರೆ ಚಿತ್ರ, ಕಣ್ಣು ಮುಚ್ಚಿದರೆ ಪ್ರಾರ್ಥನೆ. ಕಲೆ ಯಾಕೆ ಅಂತ ಆ ಕಾಲೇಜು ನಡೆಸುತ್ತಿದ್ದ ಜೆಸ್ವಿಟ್ ಪಾದ್ರಿಗಳನ್ನು ಕೇಳಿದ್ದರೆ ನಗುತ್ತಿದ್ದರೇನೋ.

ಇದಕ್ಕಿಂತ ಹಳೆಯ ಸಾಕ್ಷಿ ಬೈಬಲಿನಲ್ಲೇ ಇದೆ. ವಿಮೋಚನಕಾಂಡ 31ನೇ ಅಧ್ಯಾಯ. ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆಯುತ್ತಾನೆ, ಅವನಲ್ಲಿ ದೇವರ ಆತ್ಮ ತುಂಬುತ್ತದೆ. ಅವನೇನು ಪ್ರವಾದಿಯಲ್ಲ, ಯಾಜಕನೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರದ ಕೆಲಸ, ಕಲ್ಲು ಕೆತ್ತುವ ಕೆಲಸ, ಮರದ ಕೆಲಸ ಮಾಡುವವನು. ದೇವದರ್ಶನದ ಗುಡಾರ ಎದ್ದದ್ದು ಅವನ ಕೈಯಿಂದ. ಅದೇ ಪುಸ್ತಕದ ನಾಲ್ಕನೇ ಅಧ್ಯಾಯದಲ್ಲಿ ಮೋಶೆ, ನನಗೆ ಮಾತು ಬರುವುದಿಲ್ಲ, ನಾಲಿಗೆ ಮಂದ ಅನ್ನುತ್ತಾನೆ. ದೇವರು ಅವನಿಗೆ ಟಿ.ಸಿ. ಕೊಡಲಿಲ್ಲ. ಮಾತಿಗೆ ಅಣ್ಣ ಆರೋನನನ್ನು ಜೊತೆಗೆ ಕಳಿಸಿದ. ಇವತ್ತಿನ ಪರೀಕ್ಷಾ ಭಾಷೆಯಲ್ಲಿ ಹೇಳುವುದಾದರೆ ಸಹಾಯಕನನ್ನು ಕೊಟ್ಟ.

ಸರಿ, ಇದೆಲ್ಲ ಕೇಳಲು ಚೆಂದ, ಕ್ಲಾಸಿನಲ್ಲಿ ಮಾಡುವುದು ಹೇಗೆ ಅನ್ನುತ್ತೀರಿ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದ ಸಿಸ್ಟರ್ ಒಬ್ಬರು ಧೈರ್ಯ ಮಾಡಿದರು. ಡಿಸೆಂಬರ್ ಬಂದರೆ ನಮ್ಮ ಎಲ್ಲ ಶಾಲೆಯಲ್ಲೂ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಾರೆ ಅಲ್ವಾ. ಸಾಮಾನ್ಯವಾಗಿ ನಾನು, ಒಬ್ಬ ಅಟೆಂಡರು, ನಾಲ್ಕು ಚೂಟಿ ಹುಡುಗರು ಸೇರಿ ಎರಡು ಸಂಜೆಯಲ್ಲಿ ಮುಗಿಸುತ್ತೇವೆ. ಆ ವರ್ಷ ಸಿಸ್ಟರ್ ಅಂದರು: "ಮಿಸ್, ಗೋದಲಿ ಆರನೇ ಕ್ಲಾಸಿನವರು ಕಟ್ಟಲಿ. ಎಲ್ಲರೂ. ಪಾಠ ಅದರಲ್ಲೇ ಮಾಡಿ."

ಡಿಸೆಂಬರ್ ಎರಡನೇ ವಾರ ಅಡಿಕೆ ಹಾಳೆಯಲ್ಲಿ ಮಣ್ಣು ಹಾಕಿ ರಾಗಿ ಬಿತ್ತಿದೆವು. ಅದು ಗೋದಲಿಯ ಹುಲ್ಲುಗಾವಲು. ಒಂದು ಹಾಳೆ ಬಿಸಿಲಿಗೆ, ಒಂದು ನೆರಳಿಗೆ, ಒಂದು ಬೀರುವಿನ ಒಳಗೆ. ದಿನಾ ಸ್ಕೇಲ್ ಹಿಡಿದು ಅಳೆಯಬೇಕು. ಬೀರುವಿನ ಒಳಗಿನ ಪೈರು ಉದ್ದ ಬೆಳೆದು ಬೆಳ್ಳಗೆ ಬಿದ್ದುಕೊಂಡಾಗ ವಿಜ್ಞಾನದ ಪಾಠ ತಾನಾಗಿ ಆಯಿತು. ಈ ಲೆಕ್ಕ ಇಟ್ಟವನು ಒಬ್ಬ ಹುಡುಗ. ಅವನಿಗೆ ಓದಲು ಬರುತ್ತಿರಲಿಲ್ಲ. ಬೋರ್ಡಿನಿಂದ ಕಾಪಿ ಮಾಡಿದರೆ ದೀರ್ಘ, ಒತ್ತಕ್ಷರ ಎಲ್ಲ ಹಾರಿಹೋಗುತ್ತಿತ್ತು. ಕಾಡು ಬರೆಯಲು ಹೇಳಿದರೆ ಕಡು ಬರೆಯುತ್ತಿದ್ದ. ಅವನು ಪ್ರತಿದಿನದ ಪೈರನ್ನು ಅದರ ಅಳತೆಯಲ್ಲೇ ಚಿತ್ರ ಬರೆದು ಪಕ್ಕದಲ್ಲಿ ಸಂಖ್ಯೆ ಹಾಕಿದ. ಕ್ಲಾಸಿನ ಯಾರ ನೋಟ್‌ಬುಕ್ಕೂ ಅಷ್ಟು ಸರಿಯಾಗಿರಲಿಲ್ಲ.

ಅವನ ಅಪ್ಪ ಟೈಲರ್. ಹುಡುಗನಿಗೆ ಇಂಚು, ಅರ್ಧ ಇಂಚು, ಮುಕ್ಕಾಲು ಇಂಚು ಕೈಯಲ್ಲೇ ಗೊತ್ತು. ಪೇಪರಿನ ಮೇಲೆ ಮುಕ್ಕಾಲು ಪ್ಲಸ್ ಅರ್ಧ ಬರೆದರೆ ಬೆವರುತ್ತಿದ್ದವನು, ಕೊಟ್ಟಿಗೆಯ ಮಾಡಿಗೆ ರಟ್ಟು ಕತ್ತರಿಸುವಾಗ "ಒಂದೂಕಾಲು ಬೇಕು ಮಿಸ್" ಅಂದ. ಗಣಿತದ ಸರ್ ಪಕ್ಕದಲ್ಲೇ ಇದ್ದರು. ಆಮೇಲೆ ಭಿನ್ನರಾಶಿಯನ್ನು ಅವರು ಆ ಕ್ಲಾಸಿಗೆ ಟೇಪು ಹಿಡಿದೇ ಕಲಿಸಿದರು.

ದೀರ್ಘದ ಸಮಸ್ಯೆಗೆ ಚಪ್ಪಾಳೆ ಹಿಡಿದೆವು. ಕ್ರಿಸ್ಮಸ್ ಹಾಡು ಹೇಳುವಾಗ ಹ್ರಸ್ವಕ್ಕೆ ಒಂದು ತಟ್ಟು, ದೀರ್ಘಕ್ಕೆ ಕೈ ಜೋಡಿಸಿ ಎರಡು ಎಣಿಸುವಷ್ಟು ಹೊತ್ತು ಹಿಡಿಯುವುದು. ಲಘು ಗುರು ಅಷ್ಟೇ, ಕಿಟ್ಟೆಲರು ಕಲಿತ ಪಾಠವೇ. ಒತ್ತಕ್ಷರವನ್ನು ಜೇಡಿಮಣ್ಣಿನಲ್ಲಿ ಉರುಟಿ ಮಾಡಿ ಅಕ್ಷರದ ಕೆಳಗೆ ಅಂಟಿಸಿದರು. ಕಣ್ಣು ಹಿಡಿಯದ್ದನ್ನು ಕೈ ಹಿಡಿಯಿತು. ಆ ಹುಡುಗ ವರ್ಷದ ಕೊನೆಗೆ ಸರಾಗ ಓದಿದ ಅಂತ ನಾನು ಸುಳ್ಳು ಹೇಳುವುದಿಲ್ಲ. ಕಾಡು, ನಾಡು, ಹಾಡು ಸರಿಯಾಗಿ ಬರೆದ. ಗಟ್ಟಿಯಾಗಿ ಓದಲು ಎದ್ದು ನಿಂತ. ನನಗೆ ಅಷ್ಟು ಸಾಕಾಗಿತ್ತು, ಅವನಿಗೆ ಜಾಸ್ತಿ ಆಯಿತು.

ಅದೇ ಕ್ಲಾಸಿನಲ್ಲಿ ಒಬ್ಬ ಮುಸ್ಲಿಂ ಹುಡುಗ ಇದ್ದ. ಮರಿಯಳ ಬೊಂಬೆಗೆ ಸೀರೆ ಬಣ್ಣ ಏನಿರಲಿ ಅಂತ ಚರ್ಚೆ ಆಗುವಾಗ, "ಇವರ ಕಥೆ ನಮ್ಮ ಕುರಾನಿನಲ್ಲೂ ಇದೆ ಮಿಸ್, ನಮ್ಮಜ್ಜಿ ಮರ್ಯಮ್ ಅಂತಾರೆ, ಖರ್ಜೂರದ ಮರದ ಕೆಳಗೆ ಮಗು ಹುಟ್ಟಿದ್ದು" ಅಂದ. ಗೋದಲಿ ಪಕ್ಕ ಒಂದು ಖರ್ಜೂರದ ಮರವೂ ಬಂತು, ತೆಂಗಿನ ಗರಿ ಸೀಳಿ ಮಾಡಿದ್ದು. ಗೌರಿ ಹಬ್ಬಕ್ಕೆ ಮನೆಯಲ್ಲಿ ಮಂಟಪ ಕಟ್ಟುವ ಹುಡುಗಿ ಬಾಳೆಕಂದು ಕಟ್ಟುವುದನ್ನು ಹೇಳಿಕೊಟ್ಟಳು. ಅಲ್ಲಿ ಯಾರೂ ಯಾರ ಧರ್ಮವನ್ನೂ ಬದಲಿಸಲಿಲ್ಲ. ಯೇಸು ಹುಟ್ಟಿದ ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ ಆಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನಿಮ್ಮ ತಲೆನೋವು ಅಂತ ಗೊತ್ತು. ನಮ್ಮ ಶಾಲೆಗಳಲ್ಲಿ ಬಹಳಷ್ಟು ಕಡೆ ಹಿಂದೂ, ಮುಸ್ಲಿಂ ಮಕ್ಕಳೇ ಜಾಸ್ತಿ. ಈಗಿನ ಗಾಳಿಯಲ್ಲಿ ಬೈಬಲ್ ಅಂದರೆ ಸಾಕು, ಮತಾಂತರ ಅನ್ನುವ ಕೂಗು ಏಳುತ್ತದೆ. ಹೆದರಿ ಕೆಲವು ಶಾಲೆಗಳು ಶಿಲುಬೆ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಳಗಿಟ್ಟುಬಿಟ್ಟಿವೆ. ಇನ್ನು ಕೆಲವರು ಹಟಕ್ಕೆ ಬಿದ್ದು ಎಲ್ಲ ಮಕ್ಕಳಿಗೂ ಒಂದೇ ಪಾಠ ಅನ್ನುತ್ತಾರೆ. ಎರಡೂ ಸರಿ ಕಾಣುವುದಿಲ್ಲ. ಸಂವಿಧಾನದ 28ನೇ ವಿಧಿಯ ಮೂರನೇ ಖಂಡ ಸ್ಪಷ್ಟವಾಗಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ. ಇದನ್ನು ಮನಸಾರೆ ಪಾಲಿಸೋಣ. ಧರ್ಮೋಪದೇಶ ನಮ್ಮ ಮಕ್ಕಳಿಗೆ ಬೇರೆ ಪೀರಿಯಡ್ಡಿನಲ್ಲಿ ನಡೆಯಲಿ. ಉಳಿದಂತೆ ನಮ್ಮ ವಿಶ್ವಾಸ ಕಾಣಬೇಕಾದದ್ದು ಶಾಲೆ ನಡೆಸುವ ರೀತಿಯಲ್ಲಿ. ಯಾವ ಮಗುವನ್ನೂ ಅವಮಾನ ಮಾಡದ ಶಾಲೆ ಅಂತ ಊರಲ್ಲಿ ಹೆಸರು ಬಂದರೆ, ಅದು ಯಾಕೆ ಹಾಗೆ ಅಂತ ಕೇಳಿದವರಿಗೆ ಧೈರ್ಯವಾಗಿ ಯೇಸುವಿನ ಹೆಸರು ಹೇಳಬಹುದು.

ಹಬ್ಬಗಳು ಇದಕ್ಕೆ ಒಳ್ಳೆಯ ದಾರಿ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಅಂದರೆ ಮರಿಯಮ್ಮ ಹುಟ್ಟಿದ ದಿನದ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ಕಿತ್ತು ತಂದು ಬಾಲ ಮರಿಯಮ್ಮನಿಗೆ ಎರಚುತ್ತಾರೆ, ಹೊಸ ತೆನೆ ಪೂಜೆಯಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ಪಕ್ಕದ ಮನೆಯ ಹಿಂದೂಗಳಿಗೂ ತೆನೆ ಕಟ್ಟುವ ಹಬ್ಬ ಇದೆ. ಗದ್ದೆ, ಹೂವು, ಹಾಡು, ಅಡಿಗೆ, ಎಲ್ಲ ಮಕ್ಕಳ ಕೈಗೂ ಎಟಕುವ ವಿಷಯ. ಒಂದು ತಿಂಗಳ ಪಾಠ ಅದರಲ್ಲಿದೆ. ನಾವು ಅವತ್ತು ರಜೆ ಕೊಟ್ಟು ಸುಮ್ಮನಾಗುತ್ತೇವೆ.

ನಂಬಿಕೆ, ಕಲೆ, ಕಷ್ಟಪಡುವ ಮಕ್ಕಳು, ಮೂರನ್ನೂ ಸೇರಿಸಿ ಕಟ್ಟಿದವರು ಬೇರೆ ಕಡೆಯೂ ಇದ್ದಾರೆ. ಕಾರ್ಲ್ ಕೋನಿಗ್ ಅಂತ ವಿಯೆನ್ನಾದ ಡಾಕ್ಟರ್. ಯೆಹೂದಿ ಮನೆತನದಲ್ಲಿ ಹುಟ್ಟಿ ಕ್ರೈಸ್ತರಾದವರು. ಹಿಟ್ಲರ್ ಆಸ್ಟ್ರಿಯಾಕ್ಕೆ ಬಂದಾಗ ತಪ್ಪಿಸಿಕೊಂಡು ಸ್ಕಾಟ್ಲೆಂಡ್ ಸೇರಿದರು. ಬುದ್ಧಿಮಾಂದ್ಯ ಅಂತ ಎಲ್ಲರೂ ಕೈಬಿಟ್ಟ ಮಕ್ಕಳಿಗೆ 1940ರ ಜೂನ್ 1ರಂದು ಅಬರ್‌ಡೀನ್ ಹತ್ತಿರ ಕ್ಯಾಂಪ್‌ಹಿಲ್ ಅನ್ನುವ ಎಸ್ಟೇಟಿನಲ್ಲಿ ಮನೆ ಮಾಡಿದರು. ಯುದ್ಧದ ಕಾಲ. ಶತ್ರು ದೇಶದವರು ಅಂತ ಗುಂಪಿನ ಗಂಡಸರನ್ನೆಲ್ಲ ಬ್ರಿಟಿಷರು ಬಂಧನದಲ್ಲಿ ಇಟ್ಟಿದ್ದರು. ಗಂಟುಮೂಟೆ ಹೊತ್ತು ಮನೆ ಬದಲಿಸಿದವರು ಹೆಂಗಸರು. ಅಲ್ಲಿ ಶಿಕ್ಷಕರೂ ಮಕ್ಕಳೂ ಒಂದೇ ಮನೆಯಲ್ಲಿ ಇರುತ್ತಿದ್ದರು. ಬೆಳಿಗ್ಗೆ ಹಾಡು, ಆಮೇಲೆ ಪಾಠ, ನೇಯ್ಗೆ, ತೋಟ, ನಾಟಕ, ಭಾನುವಾರ ಆರಾಧನೆ. ಕ್ರೈಸ್ತ ಹಬ್ಬಗಳ ಸುತ್ತ ಇಡೀ ವರ್ಷ ತಿರುಗುತ್ತಿತ್ತು. ಇವತ್ತು ಆ ಮಾದರಿ ಅನೇಕ ದೇಶಗಳಲ್ಲಿದೆ.

ಅದರ ಹಿಂದೆ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಅವರ ವಿಚಾರಗಳಿವೆ. 1919ರಲ್ಲಿ ಸ್ಟುಟ್‌ಗಾರ್ಟಿನ ಸಿಗರೇಟ್ ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗಾಗಿ ಶುರುವಾದ ವಾಲ್ಡಾರ್ಫ್ ಶಾಲೆ ಅವರದೇ. ಸ್ಟೈನರ್ ಹೇಳಿದ್ದೆಲ್ಲ ನಮ್ಮ ಸಭೆಯ ಬೋಧನೆಗೆ ಹೊಂದುವುದಿಲ್ಲ. ಪುನರ್ಜನ್ಮ, ಕರ್ಮ ಎಲ್ಲ ಅದರಲ್ಲಿದೆ. ಅದನ್ನು ಇಡಿಯಾಗಿ ನುಂಗಿ ಅಂತ ನಾನು ಹೇಳುವುದಿಲ್ಲ. ಕಾರ್ಮಿಕರ ಮಕ್ಕಳಿಗೆ ಶುರುವಾದ ಶಾಲೆ ಇವತ್ತು ನಮ್ಮ ನಗರಗಳಲ್ಲಿ ದೊಡ್ಡ ಫೀಸಿನ ಶಾಲೆ ಆಗಿರುವುದೂ ನನಗೆ ಹಿಡಿಸುವುದಿಲ್ಲ. ನೋಡಿ ಕಲಿಯಬೇಕಾದದ್ದು ಕೆಲಸದ ಕ್ರಮವನ್ನು.

ಅಷ್ಟು ದೂರ ಯಾಕೆ, ಬೆಂಗಳೂರಿನ ಹೊರಗೆ ಸಿಲ್ವೇಪುರ ಇದೆ. ಕ್ರೈಸ್ತ ಕಲಾವಿದ ಜ್ಯೋತಿ ಸಾಹಿ ಅವರು ಅಲ್ಲಿ ಆರ್ಟ್ ಆಶ್ರಮ ಮಾಡಿದರು. ಅವರ ಪತ್ನಿ ಜೇನ್ ಸಾಹಿ 1970ರ ದಶಕದಲ್ಲಿ ಅಲ್ಲೇ ಹಳ್ಳಿ ಮಕ್ಕಳಿಗೆ ಸೀತಾ ಶಾಲೆ ನಡೆಸಲು ತೊಡಗಿದರು. ಕನ್ನಡದಲ್ಲಿ ಪಾಠ, ಚಿತ್ರ, ಕಥೆ, ಕೈಕೆಲಸದ ಮೂಲಕ ಕಲಿಕೆ. ದೊಡ್ಡ ಕಟ್ಟಡ ಇರಲಿಲ್ಲ, ದೊಡ್ಡ ಫೀಸು ಇರಲಿಲ್ಲ. ನಮ್ಮ ಎಷ್ಟು ಬಿ.ಇಡಿ. ಕಾಲೇಜುಗಳು ಆ ಅನುಭವದಿಂದ ಏನಾದರೂ ಕಲಿತಿವೆ? ಇನ್ನು ಸರ್ಕಾರಿ ಶಾಲೆಗಳನ್ನೇ ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಹಾಡು, ಆಟ, ಚಟುವಟಿಕೆ, ಪ್ರತಿ ಮಗುವಿಗೂ ಅದರದೇ ವೇಗ. ಆಚರಣೆಯಲ್ಲಿ ಸೊರಗಿದ್ದರೂ ಯೋಚನೆ ನಮ್ಮದಕ್ಕಿಂತ ಮುಂದಿತ್ತು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಫ್ರಾನ್ಸಿನಲ್ಲಿ 1964ರಲ್ಲಿ ಲಾರ್ಶ್ ಸಮುದಾಯ ಕಟ್ಟಿದ ಜಾನ್ ವನಿಯೆ ಬಗ್ಗೆ ನಿಮಗೆ ಗೊತ್ತಿರುತ್ತದೆ. ಬೌದ್ಧಿಕ ವಿಕಲತೆ ಇರುವವರ ಜೊತೆ ಒಂದೇ ಮನೆಯಲ್ಲಿ ಬಾಳುವ ಆ ಮಾದರಿ 1970ರಲ್ಲಿ ಬೆಂಗಳೂರಿಗೂ ಬಂತು, ಆಶಾ ನಿಕೇತನ ಅನ್ನುವ ಹೆಸರಿನಲ್ಲಿ. ಆ ಮನೆಗಳ ಕೆಲಸ ದೊಡ್ಡದು. ಆದರೆ ಸ್ಥಾಪಕರು ಹಲವು ಮಹಿಳೆಯರನ್ನು ದುರುಪಯೋಗ ಮಾಡಿಕೊಂಡಿದ್ದರು ಅಂತ ಸಂಸ್ಥೆಯೇ ನಡೆಸಿದ ತನಿಖೆಯಿಂದ 2020ರಲ್ಲಿ ಹೊರಬಂತು. ಸಂತರೆಂದು ಹೆಸರಾದವರನ್ನು ಪ್ರಶ್ನಿಸದೆ ಬಿಟ್ಟರೆ ಹೀಗೇ ಆಗುತ್ತದೆ. ಮಾತು ಬಾರದ, ಹೇಳಿಕೊಳ್ಳಲಾಗದ ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಹೆಸರಿಗಷ್ಟೇ ಇರಬಾರದು. ಅದರಲ್ಲಿ ಹೊರಗಿನವರೂ ಇರಬೇಕು.

ಕಾನೂನಿನ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಅಡ್ಮಿಷನ್ನಿಗೆ ಮಗುವನ್ನು, ಪೋಷಕರನ್ನು ಪರೀಕ್ಷೆ ಮಾಡುವಂತಿಲ್ಲ. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ಎತ್ತಿದೆ. ಕೋರ್ಟು ಏನೇ ತೀರ್ಮಾನ ಮಾಡಲಿ, ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಾದ ನಮಗೆ ಶಾಲೆ ನಡೆಸುವ ಹಕ್ಕು ಕೊಟ್ಟದ್ದು ಮೂರು ವರ್ಷದ ಕೂಸಿಗೆ ಇಂಗ್ಲಿಷಿನಲ್ಲಿ ಬಣ್ಣದ ಹೆಸರು ಕೇಳಿ ಫೇಲ್ ಮಾಡಲಿಕ್ಕಾ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ, ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಂಡು ಎಲ್ಲರ ಜೊತೆ ಕಲಿಸಬೇಕು ಅನ್ನುವುದು ಅದರ ಆಶಯ. ಎಸ್ಸೆಸ್ಸೆಲ್ಸಿಯಲ್ಲಿ ಅವರಿಗೆ ಬರೆಯಲು ಸಹಾಯಕ, ಹೆಚ್ಚುವರಿ ಸಮಯದ ಸೌಲಭ್ಯ ಇದೆ. ಅದಕ್ಕೆ ಸರ್ಟಿಫಿಕೇಟು ಬೇಕು, ಅದಕ್ಕೆ ಆಸ್ಪತ್ರೆ ಅಲೆದಾಟ ಇದೆ, ಅದೆಲ್ಲ ಎಂಟನೇ ಕ್ಲಾಸಿನಲ್ಲೇ ಶುರುವಾಗಬೇಕು. ಇದನ್ನು ಪೋಷಕರಿಗೆ ಹೇಳುವವರು ಯಾರು? ಟಿ.ಸಿ. ಬರೆಯುವಷ್ಟೇ ಹೊತ್ತಿನಲ್ಲಿ ಈ ಅರ್ಜಿಯನ್ನೂ ಬರೆಯಬಹುದು.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಬಹಳ ದೊಡ್ಡದಲ್ಲ. ಒಂಬತ್ತನೇ ಕ್ಲಾಸಿನಲ್ಲಿ ರಿಸಲ್ಟ್ ಸಲುವಾಗಿ ಟಿ.ಸಿ. ಕೊಡುವುದಿಲ್ಲ ಅಂತ ನಿಮ್ಮ ಮಂಡಳಿ ಒಂದು ಠರಾವು ಮಾಡಲಿ, ಅದನ್ನು ಪೋಷಕರ ಸಭೆಯಲ್ಲಿ ಓದಲಿ. ನೂರು ಪರ್ಸೆಂಟ್ ಫ್ಲೆಕ್ಸ್ ಒಂದು ವರ್ಷ ಹಾಕದೆ ನೋಡಿ, ಅಡ್ಮಿಷನ್ನಿಗೆ ಏನೂ ಆಗುವುದಿಲ್ಲ. ಕಲೆಯ ಪೀರಿಯಡ್ಡುಗಳನ್ನು ಯಾರೂ ಮುಟ್ಟದಂತೆ ಹೆಡ್‌ಮಿಸ್ಸೇ ಕಾಯಲಿ. ಯಾವ ಮಗು ಹಿಂದೆ ಬಿದ್ದಿದೆ ಅಂತ ಚರ್ಚೆ ಮಾಡುವಾಗ ಡ್ರಾಯಿಂಗ್, ಸಂಗೀತ, ಪಿ.ಟಿ. ಮೇಷ್ಟರನ್ನೂ ಕೂರಿಸಿಕೊಳ್ಳಿ. ಮಗುವಿಗೆ ಏನು ಬರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ, ಉಳಿದವರಿಗೆ ಏನು ಬರುವುದಿಲ್ಲ ಅಂತ ಮಾತ್ರ ಗೊತ್ತಿರುತ್ತದೆ.

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಹಳ್ಳಿಯ ಕನ್ನಡ ಮೀಡಿಯಂ ಶಾಲೆಗೆ ಸ್ಪೆಷಲ್ ಎಜುಕೇಟರ್ ಸಂಬಳ ಕೊಡಲಾಗದು, ಒಪ್ಪುತ್ತೇನೆ. ಅಕ್ಕಪಕ್ಕದ ನಾಲ್ಕೈದು ಶಾಲೆ ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು, ವಾರಕ್ಕೊಂದು ದಿನ ಒಂದೊಂದು ಶಾಲೆ. ದೊಡ್ಡ ಊರಿನ ದೊಡ್ಡ ಫೀಸಿನ ಶಾಲೆಗಳು ನಿಮ್ಮದೇ ಧರ್ಮಪ್ರಾಂತ್ಯದಲ್ಲಿವೆ, ಅವು ಸ್ವಲ್ಪ ಹೊರಲಿ. ಮಂಗಳೂರಿನ ಬಜ್ಜೋಡಿಯಲ್ಲಿ ಸಂದೇಶ ಪ್ರತಿಷ್ಠಾನ ಇದೆ, ಬಿಷಪರ ಮಂಡಳಿಯದೇ. ಸಂಗೀತ, ನೃತ್ಯ, ಚಿತ್ರಕಲೆ ಕಲಿಸುತ್ತಾರೆ. ಬೇಸಿಗೆ ರಜೆಯಲ್ಲಿ ನಮ್ಮ ಪ್ರೈಮರಿ ಟೀಚರುಗಳಿಗೆ ಅಲ್ಲೊಂದು ತರಬೇತಿ ಇಡಲು ಎಷ್ಟು ಖರ್ಚಾದೀತು? ದಯವಿಟ್ಟು ಒಂದು ಮಾತ್ರ ಮಾಡಬೇಡಿ. ಆರ್ಟ್ ಇಂಟಿಗ್ರೇಟೆಡ್ ಅಂತ ಬ್ರೋಷರಿನಲ್ಲಿ ಹಾಕಿ ಆ್ಯಕ್ಟಿವಿಟಿ ಫೀಸ್ ಅಂತ ಹೊಸ ಕಾಲಂ ತೆರೆಯಬೇಡಿ. ರಾಗಿ, ಅಡಿಕೆ ಹಾಳೆ, ಹಳೇ ರಟ್ಟು, ಜೇಡಿಮಣ್ಣಿಗೆ ಫೀಸು ಬೇಕಾಗಿಲ್ಲ.

ಸ್ಕೂಲ್ ಡೇ ಬಗ್ಗೆ ಒಂದೇ ಮಾತು. ಪ್ರತಿ ಮಗುವೂ ಸ್ಟೇಜ್ ಮೇಲೆ ಬರಲಿ. ಸ್ಟೆಪ್ಪು ತಪ್ಪುತ್ತದೆ, ಕಾರ್ಯಕ್ರಮ ಉದ್ದ ಆಗುತ್ತದೆ, ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಳ್ಳುತ್ತಾರೆ. ಅತಿಥಿಗಳ ಭಾಷಣ ಕಡಿಮೆ ಮಾಡಿ, ಟೈಮ್ ಸಿಗುತ್ತದೆ.

ಜೂನ್‌ನಲ್ಲಿ ಟೈಮ್ ಟೇಬಲ್ ಬರೆಯುವ ಮೊದಲು ಇದನ್ನು ಚರ್ಚೆಗೆ ತಗೊಂಡರೆ ಅನುಕೂಲ, ಆಮೇಲೆ ಬದಲಿಸುವುದು ಕಷ್ಟ. ಗೋದಲಿಯ ಪಾಠಗಳನ್ನು ವಿಷಯವಾರು ಬರೆದಿಟ್ಟ ನೋಟ್‌ಬುಕ್ ನನ್ನ ಹತ್ತಿರ ಇದೆ. ಕನ್ನಡ, ಗಣಿತ, ವಿಜ್ಞಾನ, ಸಮಾಜ ನಾಲ್ಕಕ್ಕೂ ಬೇರೆ ಬೇರೆ ಹಾಳೆ ಇದೆ, ಯಾವ ಮಗುವಿಗೆ ಯಾವ ಕೆಲಸ ಕೊಟ್ಟೆವು ಅಂತಲೂ ಇದೆ. ಯಾವ ಶಾಲೆಯವರು ಕೇಳಿದರೂ ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಕರೆದರೆ ಬಂದು ತೋರಿಸಿಕೊಡುತ್ತೇನೆ, ಬಸ್ ಚಾರ್ಜ್ ಕೊಟ್ಟರೆ ಸಾಕು.

ಇಂತಿ,
ನಿಮ್ಮ ಸಭೆಯವಳೇ ಆದ
ಒಬ್ಬ ನಿವೃತ್ತ ಡ್ರಾಯಿಂಗ್ ಮಿಸ್